ಮಾಲೆ ತೆಗೆದ ಸಂಜೆಯ ಚಪಲ

ಎರಡು ಸಲ ನಾನು ಅಯ್ಯಪ್ಪನ ಮಾಲೆ ಹಾಕಿದ್ದೇನೆ. ಎರಡು ಸಲವೂ 41 ದಿನ ಒಂದೇ ಒಂದು ಸಿಗರೇಟು ಮುಟ್ಟಲಿಲ್ಲ. ದಿನಕ್ಕೆ ಹದಿನೈದು ಸೇದುತ್ತಿದ್ದವನಿಗೆ ಇದು ಹೇಗೆ ಸಾಧ್ಯವಾಯಿತೆಂದು ಮನೆಯವರಿಗೂ ಅಚ್ಚರಿ, ನನಗೂ ಅಚ್ಚರಿ. ಅದಕ್ಕಿಂತ ದೊಡ್ಡ ಅಚ್ಚರಿ ಆಮೇಲಿನದು. ಶಬರಿಮಲೆಯಿಂದ ಹಿಂತಿರುಗಿ, ಗುರುಸ್ವಾಮಿಗಳ ಕೈಯಿಂದ ಮಾಲೆ ತೆಗೆಸಿಕೊಂಡು, ಕಪ್ಪು ಪಂಚೆ ಬಿಚ್ಚಿ ಪ್ಯಾಂಟು ತೊಟ್ಟು ಬೀದಿಗೆ ಇಳಿದೆ. ಮಾಮೂಲಿ ಬೇಕರಿಯ ಮುಂದೆ ನಿಂತದ್ದಷ್ಟೇ ನೆನಪು. ಚಹಾದ ಲೋಟ ಎಡಗೈಗೆ ಬರುವಷ್ಟರಲ್ಲಿ ಬಲಗೈ ಬೆರಳುಗಳ ಸಂದಿಯಲ್ಲಿ ಸಿಗರೇಟು ಇತ್ತು. ನಾನು ಕೇಳಿರಲಿಲ್ಲ, ಅಂಗಡಿಯವರೇ ಕೊಟ್ಟಿದ್ದರು. ನಾನೂ ಬೇಡವೆನ್ನಲಿಲ್ಲ.

41 ದಿನ ಆ ಚಪಲ ಎಲ್ಲಿ ಅಡಗಿತ್ತು? ದೇಹಕ್ಕೆ ನಿಕೋಟಿನ್ ಬೇಕೇ ಬೇಕು ಎನ್ನುವುದಾದರೆ ಮೊದಲ ವಾರದಲ್ಲೇ ನಾನು ಸೋಲಬೇಕಿತ್ತು. ದೇಹ ಅದನ್ನು ಮರೆತಿತ್ತು ಎನ್ನುವುದಾದರೆ 42ನೆಯ ದಿನ ಕೈ ಚಾಚಬಾರದಿತ್ತು. ಈ ಒಗಟು ಬಿಡಿಸಿಕೊಳ್ಳದೆ ಸಿಗರೇಟು ಬಿಡಲು ಹೊರಟವರು, ನನ್ನ ಹಾಗೆ, ಮತ್ತೆ ಮತ್ತೆ ಅದೇ ಬೇಕರಿಯ ಮುಂದೆ ಬಂದು ನಿಲ್ಲುತ್ತಾರೆ.

ವಿಮಾನದಲ್ಲಿ ಕೆಲಸ ಮಾಡುವವರ ಮೇಲೆ ನಡೆದ ಒಂದು ಅಧ್ಯಯನ ಈ ಒಗಟಿನ ಅರ್ಧವನ್ನು ಬಿಡಿಸುತ್ತದೆ. ಅದು ಇಸ್ರೇಲಿನಲ್ಲಿ ನಡೆದು 2010ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವ ವಿಮಾನ ಪರಿಚಾರಕರನ್ನು ಎರಡು ಬಗೆಯ ಪ್ರಯಾಣಗಳಲ್ಲಿ ಗಮನಿಸಿದರು. ಒಂದು ಮೂರರಿಂದ ಐದೂವರೆ ಗಂಟೆಯ ಪ್ರಯಾಣ, ಇನ್ನೊಂದು ಹತ್ತರಿಂದ ಹದಿಮೂರು ಗಂಟೆಯದು. ಎರಡರಲ್ಲೂ ಸೇದುವಂತಿಲ್ಲ. ಹಾರುತ್ತಿರುವಾಗಲೇ ಆಗಾಗ ಅವರನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಈಗ ಸೇದಬೇಕು ಅನ್ನಿಸುವುದು ಎಷ್ಟು? ಸಣ್ಣ ಪ್ರಯಾಣ ಮುಗಿಯುವ ಹೊತ್ತಿಗೆ ಚಪಲ ಜೋರಾಗಿತ್ತು. ಆದರೆ ಉದ್ದದ ಪ್ರಯಾಣದಲ್ಲಿ, ಸಿಗರೇಟಿಲ್ಲದೆ ಅಷ್ಟೇ ಗಂಟೆ ಕಳೆದಾಗ, ಅದೇ ಜನರಲ್ಲಿ ಅದು ಎಷ್ಟೋ ಕಡಿಮೆ ಇತ್ತು. ಅಲ್ಲಿ ಅದು ಏರಿದ್ದು ವಿಮಾನ ಇಳಿಯುವ ಹೊತ್ತು ಹತ್ತಿರವಾದಾಗ. ಅಂದರೆ ಚಪಲವನ್ನು ಕುಣಿಸುತ್ತಿದ್ದುದು ರಕ್ತದಲ್ಲಿ ಇಳಿದ ನಿಕೋಟಿನ್ ಮಾತ್ರವಲ್ಲ, ‘ಇನ್ನೇನು ಸಿಗುತ್ತದೆ’ ಎಂಬ ನಿರೀಕ್ಷೆ.

ಇದಕ್ಕೆ ವಿಮಾನವೇ ಬೇಕಿಲ್ಲ. ಚಿತ್ರಮಂದಿರದಲ್ಲಿ ಒಂದು ಗಂಟೆ ತೆಪ್ಪಗೆ ಕೂತವನು ಇಂಟರ್‌ವಲ್‌ಗೆ ಐದು ನಿಮಿಷ ಇರುವಾಗ ಜೇಬು ತಡವಿಕೊಳ್ಳುತ್ತಾನೆ. ರಾತ್ರಿ ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಮಾಡಿದವನು ಚಾಲಕ ಊಟಕ್ಕೆಂದು ಗಾಡಿ ನಿಧಾನ ಮಾಡಿದೊಡನೆ ಎದ್ದು ಕೂರುತ್ತಾನೆ. ರಂಜಾನ್ ಉಪವಾಸ ಮಾಡುವ ಗೆಳೆಯರನ್ನು ಕೇಳಿ ನೋಡಿ. ಮಧ್ಯಾಹ್ನಕ್ಕಿಂತ ಇಫ್ತಾರಿನ ಹಿಂದಿನ ಅರ್ಧ ಗಂಟೆಯೇ ಕಷ್ಟ ಎನ್ನುತ್ತಾರೆ. ಮಾಲೆ ಹಾಕಿದ ದಿನಗಳಲ್ಲಿ ನನಗೆ ಬಾಗಿಲು ಪೂರ್ತಿ ಮುಚ್ಚಿತ್ತು. ಸೇದಲೋ ಬೇಡವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಪ್ರಶ್ನೆ ಇಲ್ಲದ ಕಡೆ ಚಪಲಕ್ಕೂ ಕೆಲಸವಿಲ್ಲ.

ಒಗಟಿನ ಇನ್ನರ್ಧಕ್ಕೆ ಮಿದುಳಿನೊಳಗೆ ಸ್ವಲ್ಪ ಇಣುಕಬೇಕು.

ಎಳೆದ ಹೊಗೆಯಲ್ಲಿರುವ ನಿಕೋಟಿನ್ ಹತ್ತರಿಂದ ಇಪ್ಪತ್ತು ಸೆಕೆಂಡಿನಲ್ಲಿ ಮಿದುಳನ್ನು ಮುಟ್ಟುತ್ತದೆ. ಅಲ್ಲಿನ ನರಕೋಶಗಳ ಮೇಲಿರುವ ಗ್ರಾಹಕಗಳಿಗೆ, ಅಂದರೆ ರಾಸಾಯನಿಕ ಸಂದೇಶ ಹಿಡಿಯುವ ಕೊಂಡಿಗಳಿಗೆ, ಅಂಟಿಕೊಂಡು ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಡೋಪಮೈನ್ ಅಂದರೆ ಸುಖ ಎಂದು ಬರೆಯುವುದುಂಟು. ಅದಕ್ಕಿಂತ, ‘ಇದು ಮುಖ್ಯ, ನೆನಪಿಟ್ಟುಕೋ’ ಎಂದು ಮಿದುಳು ಒತ್ತುವ ಮುದ್ರೆ ಎಂದರೆ ಹೆಚ್ಚು ಸರಿ. ಒಂದು ಸಿಗರೇಟಿಗೆ ಹತ್ತು ದಮ್ಮು ಎಂದಿಟ್ಟುಕೊಂಡರೆ, ದಿನಕ್ಕೆ ಹದಿನೈದು ಸೇದುವವನು ಈ ಮುದ್ರೆಯನ್ನು ದಿನಕ್ಕೆ ನೂರೈವತ್ತು ಸಲ ಒತ್ತಿಸಿಕೊಳ್ಳುತ್ತಾನೆ. ಹತ್ತು ವರ್ಷದ ಲೆಕ್ಕ ಐದು ಲಕ್ಷ ದಾಟುತ್ತದೆ. ಬೇರೆ ಯಾವ ಪಾಠವನ್ನು ನಾವು ಇಷ್ಟು ಸಲ ಬಾಯಿಪಾಠ ಮಾಡಿದ್ದೇವೆ?

ಹೀಗೆ ದಿನವೂ ನಿಕೋಟಿನ್ ಸುರಿಯುತ್ತಿದ್ದರೆ ಮಿದುಳು ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚಿದ ಗ್ರಾಹಕಗಳು ಖಾಲಿ ಬಿದ್ದಾಗ ಸಿಡುಕು, ಚಡಪಡಿಕೆ, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಹಸಿವು, ಅರೆನಿದ್ದೆ ಎಲ್ಲವೂ ಬರುತ್ತವೆ. ಇನ್ನೊಂದು ಸೇದಿದರೆ ಇವು ಮಾಯ. ‘ಸಿಗರೇಟು ಟೆನ್ಷನ್ ಕಡಿಮೆ ಮಾಡುತ್ತದೆ’ ಎಂಬ ನಂಬಿಕೆ ಹುಟ್ಟುವುದು ಇಲ್ಲಿಯೇ. ಹಿಂದಿನ ಸಿಗರೇಟು ಹಚ್ಚಿದ ಬೆಂಕಿಯನ್ನು ಮುಂದಿನ ಸಿಗರೇಟು ಆರಿಸುತ್ತದೆ, ನಾವು ಅದಕ್ಕೆ ಕೈ ಮುಗಿಯುತ್ತೇವೆ.

ಇದು ದೇಹದ ಸಾಲ. ಒಳ್ಳೆಯ ಸುದ್ದಿಯೆಂದರೆ, ಈ ಸಾಲ ತಾನಾಗಿ ತೀರುತ್ತದೆ. ಬಿಟ್ಟ ಮೊದಲ ಎರಡು-ಮೂರು ದಿನ ಅದರ ಕಾಟ ಶಿಖರದಲ್ಲಿರುತ್ತದೆ. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಕೆಲವು ವಾರಗಳಲ್ಲಿ ಗ್ರಾಹಕಗಳ ಸಂಖ್ಯೆಯೂ ಸೇದದವರ ಮಟ್ಟಕ್ಕೆ ಮರಳುತ್ತದೆ. ಮಾಲೆಯ 41 ದಿನಕ್ಕೆ ನನ್ನ ಈ ಸಾಲ ಹೆಚ್ಚುಕಡಿಮೆ ತೀರಿತ್ತು.

ತೀರದೆ ಉಳಿದದ್ದು ಆ ಬಾಯಿಪಾಠ. ಚಹಾ ಎಂದರೆ ಸಿಗರೇಟು, ಊಟ ಮುಗಿದರೆ ಸಿಗರೇಟು, ಫೋನ್ ಬಂದರೆ ಸಿಗರೇಟು, ಬೈಕ್ ನಿಲ್ಲಿಸಿದರೆ ಸಿಗರೇಟು. ಇವು ಸುಳಿವುಗಳು. ಸುಳಿವು ಕಂಡರೆ ಸಾಕು, ಮಿದುಳು ಮುಂದಿನ ಸಾಲನ್ನು ತಾನೇ ಹೇಳಿಕೊಳ್ಳುತ್ತದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಿಗರೇಟು ಬಿಟ್ಟವರಿಗೆ 7, 14 ಮತ್ತು 35 ದಿನಗಳ ಬಳಿಕ ಸಿಗರೇಟಿನ ಸುಳಿವುಗಳನ್ನು ತೋರಿಸಿ ಚಪಲವನ್ನು ಅಳೆದರು. ಸದಾ ಒಳಗೆ ಗುನುಗುವ ಸಾಮಾನ್ಯ ಚಪಲ ದಿನ ಕಳೆದಂತೆ ಇಳಿದಿತ್ತು. ಆದರೆ ಸುಳಿವು ಕಂಡೊಡನೆ ಭುಗಿಲೇಳುವ ಚಪಲ ಏರಿತ್ತು. ಐದು ವಾರ ಬಿಟ್ಟಿದ್ದೇನೆ, ಇನ್ನೇನು ಭಯ ಎಂದು ನಾವು ಎದೆ ಸೆಟೆಸುವ ಹೊತ್ತಿಗೇ ಇದು ಕಾದು ಕೂತಿರುತ್ತದೆ.

ಕಲಿತದ್ದನ್ನು ಮಿದುಳು ಅಳಿಸುವುದಿಲ್ಲ. ಅದರ ಮೇಲೆ ಹೊಸದನ್ನು ಕಲಿಯುತ್ತದೆ. ಆ ಹೊಸ ಪಾಠಕ್ಕೊಂದು ದೌರ್ಬಲ್ಯವಿದೆ. ಅದು ಕಲಿತ ಸ್ಥಳ ಮತ್ತು ಸಂದರ್ಭಕ್ಕೆ ಅಂಟಿಕೊಂಡಿರುತ್ತದೆ. ಪ್ರಾಣಿಗಳ ಮೇಲಿನ ದಶಕಗಳ ಪ್ರಯೋಗಗಳಲ್ಲಿ ಇದು ಮತ್ತೆ ಮತ್ತೆ ಕಂಡಿದೆ. ಒಂದು ಗೂಡಿನಲ್ಲಿ ‘ಮರೆತ’ ಅಭ್ಯಾಸ ಹಳೆಯ ಗೂಡಿಗೆ ಮರಳಿದೊಡನೆ ತಲೆಯೆತ್ತುತ್ತದೆ. ನಾನು ಸಿಗರೇಟಿಲ್ಲದೆ ಇರಲು ಕಲಿತದ್ದು ಕೊರಳಲ್ಲಿ ತುಳಸಿ ಮಣಿ, ಬರಿಗಾಲು, ನಸುಕಿನ ತಣ್ಣೀರು ಸ್ನಾನ, ‘ಸ್ವಾಮಿ’ ಎಂದು ಕರೆಯುವ ಜನ ಇವುಗಳ ನಡುವೆ. ಪ್ಯಾಂಟು ತೊಟ್ಟು, ಚಪ್ಪಲಿ ಮೆಟ್ಟಿ ಬೇಕರಿಯ ಮುಂದೆ ನಿಂತು ಹೇಗಿರಬೇಕೆಂದು ನಾನು ಒಂದು ದಿನವೂ ಕಲಿತಿರಲಿಲ್ಲ. ವ್ರತದ ತಪ್ಪಲ್ಲ ಅದು. ವ್ರತ ಹೇಳಿದ್ದು 41 ದಿನ, ಅಷ್ಟನ್ನು ಅದು ಮಾಡಿಸಿತು. ನಾನು ಬಿಟ್ಟಿರಲಿಲ್ಲ, ಮುಂದೂಡಿದ್ದೆ ಅಷ್ಟೆ.

ಮೂರನೆಯ ಸಲ ನಾನು ಬಿಟ್ಟದ್ದು ಆಷಾಢದ ಒಂದು ಮಂಗಳವಾರ. ಒಳ್ಳೆಯ ಕೆಲಸಕ್ಕೆ ಯಾರೂ ಆರಿಸದ ದಿನವನ್ನು ಬೇಕೆಂದೇ ಆರಿಸಿದೆ. ಹಬ್ಬ, ಹುಟ್ಟುಹಬ್ಬ, ಹೊಸ ವರ್ಷ ಇವೆಲ್ಲ ಮುಗಿಯುವ ದಿನಗಳು. ಮುಗಿದ ಮೇಲೆ ಹಳೆಯದಕ್ಕೆ ಮರಳುವುದು ಅವುಗಳ ಸ್ವಭಾವ. ದಿನಕ್ಕೊಂದು ಕಡಿಮೆ ಮಾಡುತ್ತಾ ಹೋಗುವ ದಾರಿಯನ್ನೂ ಬಿಟ್ಟೆ. 2016ರಲ್ಲಿ ಇಂಗ್ಲೆಂಡಿನಲ್ಲಿ ಈ ಎರಡು ದಾರಿಗಳನ್ನು ಹೋಲಿಸಿದಾಗ, ನಾಲ್ಕು ವಾರದ ಬಳಿಕ ಸೇದದೆ ಉಳಿದವರು ಒಮ್ಮೆಲೇ ಬಿಟ್ಟವರಲ್ಲಿ ಶೇ. 49, ಹಂತಹಂತವಾಗಿ ಬಿಟ್ಟವರಲ್ಲಿ ಶೇ. 39. ಎರಡೂ ಗುಂಪಿಗೆ ಔಷಧ ಮತ್ತು ಸಲಹೆಯ ನೆರವು ಇತ್ತು ಎಂಬುದನ್ನು ಮರೆಯಬಾರದು. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷದ ಕೊನೆಗೆ ಉಳಿಯುವವರು ನೂರಕ್ಕೆ ಮೂರರಿಂದ ಐದು ಮಂದಿ. ಹೆಚ್ಚಿನವರು ಮೊದಲ ಎಂಟು ದಿನಗಳಲ್ಲೇ ಜಾರುತ್ತಾರೆ.

ಇನ್ನು ಚಪಲ ಬಂದ ಆ ಗಳಿಗೆಯ ಮಾತು. ಅದು ಬಂದಾಗ ಇನ್ನು ಹೋಗುವುದೇ ಇಲ್ಲ, ಸೇದುವ ತನಕ ಏರುತ್ತಲೇ ಇರುತ್ತದೆ ಎಂದು ತೋರುತ್ತದೆ. ನಿಜದಲ್ಲಿ ಅದು ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದ ಆಟ. ನಾವು ಯಾವಾಗಲೂ ಏರುವಾಗಲೇ ಬೆಂಕಿ ಹಚ್ಚಿದ್ದರಿಂದ ಅದು ಇಳಿಯುವುದನ್ನು ಒಮ್ಮೆಯೂ ನೋಡಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು ಸಮುದ್ರದ ಅಲೆಗೆ ಹೋಲಿಸಿದರು. ಅಲೆಯ ಎದುರು ನಿಂತು ತಳ್ಳಬೇಡಿ, ಅದರ ಮೇಲೆ ತೇಲಿ ಎಂಬುದು ಅವರ ಸಲಹೆ. ಹೇಳುವಷ್ಟು ಅಧ್ಯಾತ್ಮವೇನೂ ಇದರಲ್ಲಿಲ್ಲ. ಚಪಲ ದೇಹದಲ್ಲಿ ಎಲ್ಲಿ ಕಾಣಿಸುತ್ತಿದೆ ಎಂದು ನೋಡಿಕೊಳ್ಳುವುದು. ನನಗೆ ಅದು ಗಂಟಲ ಕೆಳಗೆ, ಎಂಜಲು ನುಂಗಿದರೂ ಇಳಿಯದ ಗಂಟಿನಂತೆ. ಅದು ಬಿಗಿಯಾಗುತ್ತಿದೆಯೇ, ಸಡಿಲವಾಗುತ್ತಿದೆಯೇ ಎಂದು ಗಡಿಯಾರ ಹಿಡಿದು ನೋಡುತ್ತಿದ್ದೆ. ‘ಸಿಗರೇಟಿನ ಯೋಚನೆ ಮಾಡಬಾರದು’ ಎಂದು ಹಲ್ಲು ಕಚ್ಚುವುದಕ್ಕಿಂತ ಇದು ಸುಲಭ. ಮಂಗನನ್ನು ನೆನೆಯದೆ ಔಷಧ ಕುಡಿ ಎಂದ ವೈದ್ಯನ ಕತೆ ನಮಗೆ ಗೊತ್ತೇ ಇದೆಯಲ್ಲ.

ಕಾಲು ಆಡಿಸುವುದೂ ಕೆಲಸ ಮಾಡುತ್ತದೆ. ಹತ್ತು-ಹದಿನೈದು ನಿಮಿಷದ ಚುರುಕು ನಡಿಗೆ ಆ ಹೊತ್ತಿನ ಚಪಲವನ್ನು ತಗ್ಗಿಸುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡ ಮಾತು. ಕಚೇರಿಯಲ್ಲಿದ್ದರೆ ಮೆಟ್ಟಿಲು ಹತ್ತಿ ಇಳಿಯಿರಿ. ಬಾಯಿಗೆ ಲವಂಗ, ಏಲಕ್ಕಿ, ಸೋಂಪು, ಉಪ್ಪು ಹಚ್ಚಿ ಒಣಗಿಸಿದ ನೆಲ್ಲಿಕಾಯಿ ಯಾವುದಾದರೂ ಆದೀತು. ಅಡಿಕೆ ಮಾತ್ರ ಬೇಡ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಿ ಬೈಸಿಕೊಳ್ಳುವುದು ನನಗೆ ಹೊಸದಲ್ಲ. ಆದರೆ ತಂಬಾಕು ಸೇರದ ಬರಿ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲೇ ಇಟ್ಟಿದೆ. ಸಿಗರೇಟು ಬಿಟ್ಟೆನೆಂದು ಗುಟ್ಕಾ ಹಿಡಿದವರ ಬಗ್ಗೆ ಹೇಳುವುದೇ ಬೇಡ.

ಐದು ನಿಮಿಷದ ಲೆಕ್ಕ ಗೊತ್ತಾದ ಮೇಲೆ ಬಿಡಿ ಸಿಗರೇಟಿನ ಅಪಾಯವೂ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಬಿಡಿಯಾಗಿ ಮಾರುವುದನ್ನು 2017ರಲ್ಲೇ ನಿಷೇಧಿಸಿದ್ದಾರೆ. ಆದರೂ ಗೂಡಂಗಡಿಯಲ್ಲಿ ನೇತುಹಾಕಿದ ಹಗ್ಗದ ತುದಿಯ ಬೆಂಕಿ ಆರಿದ್ದನ್ನು ನಾನು ನೋಡಿಲ್ಲ. ಇಡೀ ಪ್ಯಾಕು ಕೊಳ್ಳಬೇಕೆಂದರೆ ಮನಸ್ಸು ಎರಡು ಸಲ ಯೋಚಿಸುತ್ತದೆ, ಒಂದಕ್ಕೆ ಯೋಚಿಸುವುದಿಲ್ಲ. ಬಿಡಿ ಕೊಳ್ಳುವವನ ಕಣ್ಣಿಗೆ ಪ್ಯಾಕಿನ ಮೇಲೆ ಅಚ್ಚಾದ ಸಹಾಯವಾಣಿ ಸಂಖ್ಯೆಯೂ ಬೀಳುವುದಿಲ್ಲ. ಅದು 1800-11-2356, ಶುಲ್ಕವಿಲ್ಲ. ಆದ್ದರಿಂದ ಮೊದಲ ವಾರಗಳಲ್ಲಿ ಅಂಗಡಿಗೂ ನಿಮಗೂ ನಡುವೆ ಐದು ನಿಮಿಷಕ್ಕಿಂತ ಹೆಚ್ಚಿನ ದೂರ ಇರುವಂತೆ ನೋಡಿಕೊಳ್ಳಿ. ನಾನು ಕಚೇರಿಗೆ ಹೋಗುವ ರಸ್ತೆಯನ್ನೇ ಬದಲಿಸಿದೆ. ಜೇಬಿನಲ್ಲಿ ಚಿಲ್ಲರೆ ಇಟ್ಟುಕೊಳ್ಳುವುದನ್ನೂ ನಿಲ್ಲಿಸಿದ್ದೆ. ಮೊಬೈಲಿನಲ್ಲೇ ಹಣ ಕೊಡುವ ಈ ಕಾಲದಲ್ಲಿ ಅದರಿಂದ ಪ್ರಯೋಜನ ಅಷ್ಟಕ್ಕಷ್ಟೇ.

ಕಾಫಿಯ ವಿಷಯ ನನಗೆ ಯಾರೂ ಹೇಳಿರಲಿಲ್ಲ, ಹೇಳಬೇಕಿತ್ತು. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನನ್ನು ಒಡೆಯುವ ಲಿವರಿನ ಕಿಣ್ವವನ್ನು ಚುರುಕುಗೊಳಿಸಿರುತ್ತವೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ಮೊದಲಿನ ನಿಧಾನಕ್ಕೆ ಮರಳುತ್ತದೆ. ಕುಡಿಯುವ ಕಾಫಿ ಅಷ್ಟೇ ಇದ್ದರೂ ರಕ್ತದಲ್ಲಿನ ಕೆಫೀನ್ ಸುಮಾರು ಎರಡು ಪಟ್ಟಾಗುತ್ತದೆ. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ಎರಡಕ್ಕೂ ಕಣ್ಣು ಮುಚ್ಚದಿರುವುದು ಇವನ್ನೆಲ್ಲ ನಾನು ಸಿಗರೇಟಿಲ್ಲದ ಸಂಕಟವೆಂದೇ ತಿಳಿದಿದ್ದೆ. ಅದರಲ್ಲಿ ಒಂದು ಪಾಲು ಫಿಲ್ಟರ್ ಕಾಫಿಯದು. ಅರ್ಧಕ್ಕೆ ಇಳಿಸಿ. ಬೈಟು ಕುಡಿಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು. ಅದೇ ಕಿಣ್ವವೇ ಒಡೆಯುವ ಕೆಲವು ಔಷಧಗಳೂ ಇವೆ. ಮಾನಸಿಕ ಕಾಯಿಲೆಗೆ ಕೊಡುವ ಕ್ಲೊಜಪಿನ್ ಮತ್ತು ಒಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಅಂಥವು. ಇವನ್ನು ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ವೈದ್ಯರಿಗೆ ಹೇಳಬೇಕು, ಪ್ರಮಾಣ ಬದಲಿಸಬೇಕಾಗಬಹುದು.

ಇನ್ನೊಂದು ವಿಷಯವನ್ನು ಮುಜುಗರದಿಂದ ಯಾರೂ ಬರೆಯುವುದಿಲ್ಲ. ಬೆಳಗ್ಗೆ ಒಂದು ಸಿಗರೇಟು ಹಚ್ಚದಿದ್ದರೆ ಶೌಚ ಸರಿಯಾಗುವುದಿಲ್ಲ ಎಂಬ ದೂರು ಬರಿಯ ನೆಪವಲ್ಲ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಹಲವರಿಗೆ ಬರುತ್ತದೆ. ಎದ್ದೊಡನೆ ಬೆಚ್ಚನೆಯ ನೀರು, ಊಟಕ್ಕೆ ಸೊಪ್ಪು, ರಾತ್ರಿ ಒಂದು ಬಾಳೆಹಣ್ಣು, ಸ್ವಲ್ಪ ತಾಳ್ಮೆ. ಕರುಳು ದಾರಿಗೆ ಬರುತ್ತದೆ. ಕೆಮ್ಮು ಕೂಡ ಕೆಲವರಿಗೆ ಮೊದಮೊದಲು ಹೆಚ್ಚುತ್ತದೆ. ಶ್ವಾಸನಾಳದಲ್ಲಿ ಕಸ ಗುಡಿಸುವ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಹಾಜರಾಗಿರುವ ಗುರುತು ಅದು. ತೂಕ ಮೊದಲ ವರ್ಷದಲ್ಲಿ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ನನಗೆ ಆರು ಏರಿತು.

ಔಷಧದ ನೆರವು ಪಡೆಯುವುದು ಮನೋಬಲ ಇಲ್ಲದವರ ದಾರಿ ಎಂದು ನಮ್ಮಲ್ಲಿ ಬಹಳ ಜನ ಭಾವಿಸುತ್ತಾರೆ. ಈ ಅಹಂಕಾರಕ್ಕೆ ನನ್ನ ಎರಡು ವರ್ಷ ಹೋಯಿತು. ನಿಕೋಟಿನ್ ಚೂಯಿಂಗ್ ಗಮ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಸಿಗರೇಟು ಸೇದುವಂತಿಲ್ಲದ ಜಲಾಂತರ್ಗಾಮಿಯ ನಾವಿಕರು ಬಾಯಲ್ಲಿಡುವ ತಂಬಾಕಿಗೆ ಹೊರಳಿ ನೆಮ್ಮದಿಯಿಂದಿರುವುದನ್ನು ಗಮನಿಸಿದ ವಿಜ್ಞಾನಿಯೊಬ್ಬರು 1967ರಲ್ಲಿ ಔಷಧ ಕಂಪನಿಯ ಓವೆ ಫೆರ್ನೊ ಅವರಿಗೆ ಅದನ್ನು ತಿಳಿಸಿದರು. ಅಲ್ಲಿಂದ ಶುರುವಾದ ಕೆಲಸ ಅದು. ಕ್ಯಾನ್ಸರ್ ತರುವುದು ಮುಖ್ಯವಾಗಿ ಉರಿದ ಎಲೆಯ ಹೊಗೆ, ನಿಕೋಟಿನ್ ಅಲ್ಲ. ಹೊಗೆ ಕಳೆದು ನಿಕೋಟಿನ್ನನ್ನು ಸ್ವಲ್ಪ ಕಾಲ ಕೊಟ್ಟರೆ ದೇಹದ ಸಾಲವನ್ನು ಕಂತಿನಲ್ಲಿ ತೀರಿಸಬಹುದು ಎಂಬುದೇ ಇದರ ಹಿಂದಿನ ಲೆಕ್ಕ.

ಆದರೆ ಗಮ್ಮನ್ನು ಗಮ್ಮಿನ ಹಾಗೆ ಜಗಿಯಬಾರದು. ನಾನು ಮೊದಲ ದಿನ ಕಚಕಚನೆ ಜಗಿದು, ಬಿಕ್ಕಳಿಕೆ ಬಂದು, ಹೊಟ್ಟೆ ತೊಳಸಿ, ಇದು ನನಗೆ ಆಗುವುದಿಲ್ಲ ಎಂದು ಎಸೆದಿದ್ದೆ. ನಿಕೋಟಿನ್ ಹೀರಿಕೆಯಾಗಬೇಕಾದದ್ದು ಬಾಯಿಯ ಒಳಚರ್ಮದಿಂದ. ನುಂಗಿದರೆ ಹೆಚ್ಚಿನದು ವ್ಯರ್ಥ. ನಿಧಾನ ಜಗಿಯಿರಿ. ಮೆಣಸಿನಂಥ ಚುರುಚುರು ಬಂದೊಡನೆ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಿ. ಚುರುಚುರು ಆರಿದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಬೇರೆ ಕಡೆ ಇಡಿ. ಹೀಗೆ ಅರ್ಧ ಗಂಟೆ. ಅದಕ್ಕೆ ಹದಿನೈದು ನಿಮಿಷ ಮೊದಲಿನಿಂದ ಕಾಫಿ, ನಿಂಬೆ ಪಾನಕ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೆಯಾಗುವುದಿಲ್ಲ. ಚರ್ಮಕ್ಕೆ ಅಂಟಿಸುವ ಪ್ಯಾಚ್ ದಿನವಿಡೀ ನಿಧಾನವಾಗಿ ನಿಕೋಟಿನ್ ಬಿಡುತ್ತದೆ, ಹಠಾತ್ತನೆ ಎದ್ದ ಅಲೆಗೆ ಅದು ಸಾಲದು. ಅದಕ್ಕೇ ಪ್ಯಾಚ್ ತಳಪಾಯವಾಗಿ, ಗಮ್ ತುರ್ತಿಗೆ ಎಂದು ಎರಡನ್ನೂ ಸೇರಿಸಿದರೆ ಒಂದಕ್ಕಿಂತ ಹೆಚ್ಚು ಫಲ. ವೈದ್ಯರು ಬರೆದುಕೊಡುವ ವರೆನಿಕ್ಲಿನ್ ಮಾತ್ರೆ ಇನ್ನೊಂದು ಬಗೆ. ಅದು ಗ್ರಾಹಕದಲ್ಲಿ ಕೂತು ಅದನ್ನು ಅರ್ಧ ಮಾತ್ರ ಕೆರಳಿಸಿ, ಚಡಪಡಿಕೆಯನ್ನೂ ತಗ್ಗಿಸುತ್ತದೆ, ಸೇದಿದರೆ ಸಿಗುವ ಮಜವನ್ನೂ ಕೆಡಿಸುತ್ತದೆ. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ಇವುಗಳಲ್ಲಿ ಯಾವುದಕ್ಕೂ ವೈದ್ಯರನ್ನು ಕೇಳದೆ ಕೈ ಹಾಕಬಾರದು. ಬೀಡಿ ಸೇದುವವರು ತಮ್ಮದು ‘ಬರಿ ಎಲೆ’, ಇದೆಲ್ಲ ತಮಗಲ್ಲ ಎಂದುಕೊಳ್ಳುತ್ತಾರೆ. ಆರದಂತೆ ಉಳಿಸಿಕೊಳ್ಳಲು ಬೀಡಿಯನ್ನು ಹೆಚ್ಚು ಸಲ, ಹೆಚ್ಚು ಬಲವಾಗಿ ಎಳೆಯಬೇಕು. ಅದು ಕೊಡುವ ನಿಕೋಟಿನ್ ಸಿಗರೇಟಿಗೆ ಕಡಿಮೆಯೇನಲ್ಲ.

ಗಮ್ಮು, ಪ್ಯಾಚು ದೇಹದ ಸಾಲಕ್ಕೆ. ಬಾಯಿಪಾಠಕ್ಕೆ ಮದ್ದು ಬೇರೆ. ಮೊದಲ ತಿಂಗಳು ಸುಳಿವುಗಳಿಂದ ದೂರ ಇದ್ದು, ಆಮೇಲೆ ಅವುಗಳಿಗೆ ಒಂದೊಂದಾಗಿ, ಬೇಕೆಂದೇ ಮರಳಬೇಕು. ಪ್ರತಿ ಸಂದರ್ಭದಲ್ಲಿ ಏನು ಮಾಡುತ್ತೇನೆಂದು ಮೊದಲೇ ಗೊತ್ತು ಮಾಡಿಕೊಂಡು. ‘ಸೇದುವುದಿಲ್ಲ’ ಎಂಬುದು ಗೊತ್ತು ಮಾಡಿಕೊಂಡಂತೆ ಅಲ್ಲ. ‘ಊಟ ಮುಗಿದೊಡನೆ ತಟ್ಟೆ ತೊಳೆಯುತ್ತೇನೆ’ ಎಂಬುದು ಹೌದು. ಮದ್ಯದ ಕೂಟಕ್ಕೆ ಮಾತ್ರ ಕೊನೆಯಲ್ಲಿ ಹೋಗಿ, ಹೋಗದಿದ್ದರೂ ನಷ್ಟವಿಲ್ಲ. ಎರಡು ಪೆಗ್ಗಿನ ನಂತರ ‘ಒಂದೇ ಒಂದು ದಮ್ಮು’ ಎಂಬ ಗೆಳೆಯನ ಪ್ರೀತಿಗೆ ಬಲಿಯಾದವರು ಲೆಕ್ಕವಿಲ್ಲ. ಹಾಗೆ ಜಾರಿದರೆ, ಅದು ಒಂದು ಸಿಗರೇಟು, ವ್ರತಭಂಗವಲ್ಲ. ‘ಹೇಗೂ ಕೆಟ್ಟಿತು’ ಎಂದು ಪ್ಯಾಕು ಮುಗಿಸುವ ಆ ತರ್ಕವೇ ಹಾಳುಮಾಡುವುದು. ಉಳಿದದ್ದನ್ನು ನೀರಿಗೆ ಹಾಕಿ, ಯಾವ ಸುಳಿವು ಎಳೆಯಿತೆಂದು ಬರೆದಿಟ್ಟುಕೊಂಡು, ಮರುದಿನದ ಗಮ್ ಜಗಿಯಿರಿ.

ಐದನೆಯ ವಾರ ನಾನು ಬೇಕರಿಗೆ ಮರಳಿದೆ. ಬಾಯಲ್ಲಿ ಲವಂಗ, ಎರಡೂ ಕೈಯಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಚೀಲ. ನನ್ನನ್ನು ಕಂಡೊಡನೆ ಅಂಗಡಿಯವರ ಕೈ ತಾನಾಗಿ ಮೇಲಿನ ಹಲಗೆಯ ಪ್ಯಾಕಿನತ್ತ ಹೋಯಿತು. ಬೇಡವೆಂದೆ. ಮರುದಿನವೂ ಹೋಯಿತು, ಬೇಡವೆಂದೆ. ಅವರಿಗೆ ನಾನೇ ಒಂದು ಸುಳಿವಾಗಿದ್ದೆ. ಸುಮಾರು ಎರಡು ತಿಂಗಳು ದಿನವೂ ಹಲಗೆಯ ಕಡೆ ಏರಿದ ಆ ಕೈ ಅರ್ಧದಲ್ಲೇ ಇಳಿಯುತ್ತಿತ್ತು, ನಾವಿಬ್ಬರೂ ನಗುತ್ತಿದ್ದೆವು. ಒಂದು ಸಂಜೆ ಅದು ಏರಲಿಲ್ಲ. ಚಹಾದ ಲೋಟವನ್ನಷ್ಟೇ ಮುಂದಿಟ್ಟು ಪಕ್ಕದವರ ಚಿಲ್ಲರೆ ಎಣಿಸತೊಡಗಿದರು.